ಮೂರು ಕಾಸಿಗೆ ಹರಾಜು

ಮಾನ ಹೋಗುವುದು ಬೇರೆ, ಮಾನ ಹರಾಜಾಗುವುದು ಬೇರೆ. ಹೋಗುವುದು ಗುಟ್ಟಾಗಿಯೂ ಹೋಗಬಹುದು. ಹರಾಜಿಗೆ ಜನ ಸೇರಬೇಕು, ಬೆಲೆ ಕೂಗಬೇಕು. ‘ಮೂರು ಕಾಸಿಗೆ ಹರಾಜಾಯ್ತು’ ಎನ್ನುವಾಗ ಮಾರಿಹೋದದ್ದಕ್ಕಿಂತ ಬಂದ ಬೆಲೆಯೇ ಹೆಚ್ಚು ಉರಿಸುತ್ತದೆ. ವಿಚಿತ್ರವೆಂದರೆ ಈ ಮಾತನ್ನು ನಾವು ಹೊರಗಿನವರ ಮೇಲೆ ಪ್ರಯೋಗಿಸುವುದು ಕಡಿಮೆ. ‘ಮನೆ ಮಾನ ಹರಾಜು ಹಾಕ್ಬಿಟ್ಯಲ್ಲೋ’ ಎಂದು ತಾಯಿ ಬೈಯುವುದು ಹೆತ್ತ ಮಗನನ್ನೇ.

ಬೆಂಗಳೂರಿನ ಇಂದಿರಾನಗರದಲ್ಲಿ ಮನೆಯೊಂದರ ಸಾಲ ಕಟ್ಟದೆ ಹೋದರೆ ಈ ನುಡಿ ಅಕ್ಷರಶಃ ನಿಜವಾಗಬಹುದು. 2002ರ ಸರ್ಫೇಸಿ ಎಂಬ ಸಾಲ ವಸೂಲಿ ಕಾಯ್ದೆಯಡಿ ಸ್ವತ್ತನ್ನು ವಶಕ್ಕೆ ಪಡೆದ ಬ್ಯಾಂಕು ಹೊರಬಾಗಿಲಿಗೆ ನೋಟಿಸು ಅಂಟಿಸಬೇಕು. ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಊರಿನ ಭಾಷೆಯದು, ಪ್ರಕಟಿಸಬೇಕು. ಗೊತ್ತಿಲ್ಲದೆ ಯಾರೂ ಆ ಸ್ವತ್ತು ಕೊಳ್ಳದಿರಲೆಂಬ ಎಚ್ಚರಿಕೆ ಅದು. ಆದರೆ ಚೆಕ್ಕುಬಂದಿ ಬರೆಯುವಾಗ ಪಕ್ಕದ ಮನೆಯವರ ಹೆಸರೂ ಬಂದುಬಿಡುತ್ತದೆ, ಸಾಕ್ಷಿಗೆ ನಿಲ್ಲಿಸಿದ ಹಾಗೆ. ಮನೆಗಾದರೋ ಮೀಸಲು ಬೆಲೆಯಿದೆ. ಆ ಬೆಲೆ ಬರದಿದ್ದರೆ ಸಾಲಗಾರನ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಮೂರು ಕಾಸಿಗೆ ಹೋಗುವುದು ಮಾನ ಮಾತ್ರ.

ಇಂದಿರಾನಗರದೊಳಗಿನ ಬಿನ್ನಮಂಗಲದ ಹಳೇ ಗಲ್ಲಿಯಲ್ಲಿ ಬಾಗಿಲ ಮೇಲೆ ಅಂಥ ಕಾಗದ ಕಂಡರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ನೂರಡಿ ರಸ್ತೆಯ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರ ಹೆಸರೇ ಗೊತ್ತಿರುವುದಿಲ್ಲ. ನಾಚಿಕೆಪಡಿಸಲು ಬೇಕಾದ ಆ ‘ನಾಲ್ಕು ಜನ’ ಅಲ್ಲಿ ಇಲ್ಲ.

ಸಾಲದ ಆ್ಯಪ್‌ನವರು ಇದನ್ನು ಬೇಗ ಅರಿತರು. ನಾಲ್ಕು ಜನ ಬೀದಿಯಲ್ಲಿ ಸಿಗದಿದ್ದರೇನು, ಫೋನಿನಲ್ಲಿ ನಾನೂರು ಜನ ಇದ್ದಾರೆ: ಆಫೀಸಿನ ಸಾಹೇಬರು, ಬೀಗರು, ಮಗುವಿನ ಟೀಚರು. ಸಾಲ ಕೊಡುವಾಗಲೇ ಆ ಪಟ್ಟಿ ಎತ್ತಿಕೊಂಡು, ಕಂತು ತಪ್ಪಿದೊಡನೆ ಎಲ್ಲರಿಗೂ ಸಂದೇಶ. ಕೆಲವೊಮ್ಮೆ ತಿರುಚಿದ ಫೋಟೊ. ಡಂಗುರ ಸಾರುವವನಿಗಾದರೂ ಊರ ಗಡಿಯೊಂದಿತ್ತು. 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಲಗಾರರ ಬಂಧುಮಿತ್ರರನ್ನು ಎಳೆದುತಂದು ಅವಮಾನಿಸಕೂಡದು, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಕೂಡದು ಎಂದಿತು. ಸೆಪ್ಟೆಂಬರ್‌ನಲ್ಲಿ, ಫೋನಿನ ಸಂಪರ್ಕ ಪಟ್ಟಿಗೆ ಕೈಹಾಕಬಾರದೆಂದಿತು. ಮೈಕ್ರೊಫೈನಾನ್ಸ್ ಕಿರುಕುಳದ ವಿರುದ್ಧ 2025ರ ಫೆಬ್ರುವರಿಯಲ್ಲಿ ಬಂದ ಕರ್ನಾಟಕದ ಸುಗ್ರೀವಾಜ್ಞೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಗೊತ್ತುಮಾಡಿತು.

ಇಷ್ಟಿದ್ದೂ ಅಂಥ ಸಂದೇಶ ಬಂದ ಮನೆಯಲ್ಲಿ ಮೊದಲು ಬೈಗುಳ ತಿನ್ನುವವನು ಸಾಲ ಮಾಡಿದವನೇ. ಠಾಣೆಯ ಮಾತು ಆಮೇಲೆ. ಅಲ್ಲಿಗೆ ಹೋದರೆ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ ಎಂಬ ಅಳುಕು. ಕಳಿಸಿದವನು ನೆಚ್ಚಿಕೊಂಡಿರುವುದು ಆ ಅಳುಕನ್ನೇ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮನೆಯೊಳಗೆ ಕೂತೇ ಕರೆ ಮಾಡಬಹುದು, ಬೀದಿಗಿಳಿಯಬೇಕಾಗಿಲ್ಲ.