ತುಕ್ಕು ಮತ್ತು ಹೊಳಪು

ಹೊಸದನ್ನು ಹಳೆಯದಾಗಿ ಮಾಡುವುದು ತಪ್ಪೆ? ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಹಳೆಯದನ್ನು ಹೊಸದಾಗಿ ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ. ಪಾತ್ರೆಗೆ ಕಲಾಯಿ ಹಾಕುವವನಿಂದ ಹಿಡಿದು ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುವವನವರೆಗೆ ಆ ಕಸುಬು ಲೋಕಕ್ಕೆ ಪರಿಚಿತವಾದದ್ದು. ಯಾರೂ ಅದನ್ನು ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ. ಆದರೆ ಹೊಚ್ಚಹೊಸ ವಸ್ತುವೊಂದನ್ನು ಮುಂದಿಟ್ಟುಕೊಂಡು, ಗಂಟೆಗಟ್ಟಲೆ ಕುಳಿತು ಅದಕ್ಕೆ ತುಕ್ಕು, ಮಸಿ, ಧೂಳು, ಪಾಚಿಗಳನ್ನು ಬಳಿಯುವ ಮನುಷ್ಯನನ್ನು ಕಂಡರೆ ನೆರೆಹೊರೆಯವರು ಅವನ ಬುದ್ಧಿಯ ವಿಷಯದಲ್ಲಿ ಸಂಶಯಪಡುವುದು ಸಹಜ. ಕಳೆದ ಒಂದು ವರ್ಷದಿಂದ ನಾನು ಅಂಥ ಮನುಷ್ಯನಾಗಿದ್ದೇನೆ.

ವಿಷಯ ಇಷ್ಟು. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯೊಂದರ ಮೇಲೆ ನಾನು ಒಂದು ರೈಲು ನಿಲ್ದಾಣದ ಮಾದರಿಯನ್ನು ಕಟ್ಟುತ್ತಿದ್ದೇನೆ. ಮಕ್ಕಳ ಆಟಿಕೆಯೆಂದು ಕರೆಯುವವರು ಹಾಗೆಯೇ ಕರೆಯಲಿ, ಬೇಸರವಿಲ್ಲ. ಸಕಲೇಶಪುರ ದಾಟಿ ಘಟ್ಟ ಇಳಿಯುವಲ್ಲಿ, ೧೯೭೯ರಲ್ಲಿ ತೆರೆದ ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗದಲ್ಲಿ ಇದ್ದ ಒಂದು ಸಣ್ಣ ನಿಲ್ದಾಣ ಅದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು ೫೫ ಕಿಲೋಮೀಟರ್ ದಾರಿಯಲ್ಲಿ ೫೭ ಸುರಂಗಗಳಿವೆ. ಐವತ್ತು ಅಡಿಗೆ ಒಂದಡಿಯಂತೆ ಇಳಿಜಾರು. ಆ ಕಾಡು, ಆ ಮಳೆ, ಆ ಕತ್ತಲೆಯ ನಡುವೆ ನನ್ನ ತಂದೆ ಪಾಯಿಂಟ್ಸ್‌ಮನ್ ಆಗಿದ್ದರು. ಗಾಡಿ ಬರುವ ಮೊದಲು ಹಳಿಯ ಕವಲನ್ನು ಲೀವರ್ ಎಳೆದು ತಿರುಗಿಸುವುದು, ಅದು ಸರಿಯಾಗಿ ಕೂತಿದೆಯೆ ಎಂದು ಬಗ್ಗಿ ನೋಡುವುದು, ರಾತ್ರಿಯಾದರೆ ಕೈದೀಪ ಹಿಡಿದು ನಿಲ್ಲುವುದು ಅವರ ಕೆಲಸ. ನಾನು ಸಕಲೇಶಪುರದಲ್ಲಿ ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ; ರಜೆ ಬಂದಾಗ ಅಲ್ಲಿಗೆ. ೧೯೯೬ರಲ್ಲಿ ಹಳಿ ಅಗಲಿಸುವುದಕ್ಕಾಗಿ ಆ ಮಾರ್ಗವನ್ನು ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಅಲ್ಲಿ ಓಡಿದ್ದು ೨೦೦೭ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನನ್ನ ಬಾಲ್ಯದ ನಿಲ್ದಾಣ ಹೋಗಿತ್ತು. ಕೆಲವು ವರ್ಷಗಳ ಹಿಂದೆ ತಂದೆಯೂ ಹೋದರು.

ಮಾದರಿ ಕಟ್ಟುವವನು ಮೊದಲ ದಿನವೇ ಸತ್ಯಾಸತ್ಯದ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ನನ್ನ ಅಳತೆ ಎಂಬತ್ತೇಳಕ್ಕೆ ಒಂದು. ಆ ಲೆಕ್ಕದಲ್ಲಿ ಆರಡಿ ಆಳು ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಮೀಟರ್ ಅಗಲದ ಹಳಿ ಹನ್ನೊಂದೂವರೆ ಮಿಲಿಮೀಟರ್ ಆಗಬೇಕು. ಆದರೆ ಈ ಹವ್ಯಾಸದವರು ಲೋಕವೆಲ್ಲ ಹನ್ನೆರಡು ಮಿಲಿಮೀಟರಿನ ಹಳಿಯನ್ನೇ ಬಳಸುತ್ತಾರೆ. ಅರ್ಧ ಮಿಲಿಮೀಟರಿನ ಈ ಸುಳ್ಳನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಮಣ್ಣಿನದು ಇನ್ನೂ ವಿಚಿತ್ರ. ನಿಜಕ್ಕೆ ಹತ್ತಿರವಿರಲೆಂದು ನಾನು ಘಟ್ಟದ ಕೆಂಪು ಮಣ್ಣನ್ನೇ ತಂದು, ಮಸ್ಲಿನ್ ಬಟ್ಟೆಯಲ್ಲಿ ಸೋಸಿ ಹರಡಿದೆ. ಕಣಗಳು ಪುಟ್ಟ ಬಂಡೆಗಳಂತೆ ಕಂಡವು! ಊರನ್ನು ಕಿರಿದು ಮಾಡಬಹುದು, ಮಣ್ಣಿನ ಕಣವನ್ನು ಕಿರಿದು ಮಾಡಲಾಗುವುದಿಲ್ಲ. ಸಾಲದ್ದಕ್ಕೆ ಅಂಥ ಮಣ್ಣಿನಲ್ಲಿ ಕಬ್ಬಿಣದ ಹುಡಿಯಿದ್ದರೆ ಅದು ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ನಿಜವಾದ ಮಣ್ಣು ಸುಳ್ಳಾಗಿ ಕಾಣುವ, ಬಣ್ಣದ ಪುಡಿ ನಿಜವಾದ ಮಣ್ಣಾಗಿ ಕಾಣುವ ಲೋಕ ಇದು.

ಇನ್ನು ಹಳತು ಮಾಡುವ ವಿದ್ಯೆ. ಮೊದಮೊದಲು ಮಾದರಿಗಾರರು ತಮ್ಮ ಗಾಡಿಗಳನ್ನು ಬೆಳ್ಳಿಯ ಪಾತ್ರೆಯಂತೆ ಹೊಳೆಯಿಸಿಡುತ್ತಿದ್ದರು. ಲಂಡನ್ನಿನ ಜಾನ್ ಅಹರ್ನ್ ಎಂಬಾತ ೧೯೩೦ರ ದಶಕದ ಕೊನೆಯಲ್ಲಿ ತೊಡಗಿ ಮ್ಯಾಡರ್ ವ್ಯಾಲಿ ಎಂಬ ಕಲ್ಪಿತ ಊರಿನ ರೈಲುಮಾರ್ಗವನ್ನು ಕಟ್ಟಿದಾಗ, ಗೋಡೆಗೂ ಗಾಡಿಗೂ ಬಳಕೆಯ ಕೊಳೆಯನ್ನು ಹಚ್ಚಿ ತೋರಿಸಿದ. ಅಮೆರಿಕದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬ ಛಾಯಾಗ್ರಾಹಕ ಈ ವಿದ್ಯೆಯನ್ನು ಇನ್ನೂ ಮೇಲಕ್ಕೊಯ್ದು, ದಶಕಗಳ ಕಾಲ ದುಡಿದು ಒಂದು ಇಡೀ ಪರ್ವತ ಪ್ರಾಂತವನ್ನೇ ಕಟ್ಟಿದ. ೧೯೭೩ರ ಜನವರಿಯಲ್ಲಿ ಆತ ತೀರಿಕೊಂಡ; ಅದೇ ತಿಂಗಳಲ್ಲಿ ಬೆಂಕಿ ಬಿದ್ದು ಆ ಮಾದರಿಯ ಬಹುಭಾಗ ಸುಟ್ಟುಹೋಯಿತು. ಕುಂಚದಿಂದ ಅಷ್ಟು ವರ್ಷಗಳ ಮಸಿಯನ್ನು ಬರೆದವನ ಕೃತಿಗೆ ಕೊನೆಗೆ ನಿಜವಾದ ಮಸಿಯೇ ಬಂದು ಹತ್ತಿತು.

ಈ ವಿದ್ಯೆ ಕಷ್ಟದ್ದಲ್ಲ, ತಾಳ್ಮೆಯದು. ಹೊಳಪಿಲ್ಲದ ವಾರ್ನಿಷ್ ಒಂದು ಪದರ. ಅದರ ಮೇಲೆ ತೀರ ತೆಳುವಾಗಿ ಕಲಸಿದ ಕಂದುಬಣ್ಣ. ಅದು ಸಂದುಗೊಂದುಗಳಲ್ಲಿ ನಿಂತು ಉಬ್ಬಿದ ಕಡೆ ಒರಸಿಹೋಗಬೇಕು. ಒಣಗಿದ ಮೇಲೆ ಬಣ್ಣದ ಸೀಮೆಸುಣ್ಣವನ್ನು ಅರೆದ ಪುಡಿಯನ್ನು ಮೆತ್ತಗಿನ ಕುಂಚದಿಂದ ತಟ್ಟಬೇಕು. ನಾನು ಇದರಲ್ಲಿ ಮುಳುಗಿದ್ದ ಒಂದು ಸಂಜೆ ನಮ್ಮ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುವ ಮಿತ್ರರೊಬ್ಬರು ಮನೆಗೆ ಬಂದರು. ಸ್ವಲ್ಪ ಹೊತ್ತು ನೋಡಿ, “ಅಲ್ಲ ಮೇಷ್ಟ್ರೇ, ಹೊಸ ಮರಕ್ಕೆ ಹೊಗೆ ಹಾಕಿ ಅರಮನೆಯ ಕಾಲದ ಪೆಟ್ಟಿಗೆ ಅಂತ ಮಾರುತ್ತಾರಲ್ಲ, ಅವರಿಗೂ ನಿಮಗೂ ಏನು ವ್ಯತ್ಯಾಸ?” ಎಂದರು.

ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಮೋಸಕ್ಕೆ ಮೋಸಹೋಗುವವನೊಬ್ಬ ಬೇಕು. ನಾನು ಇದನ್ನು ಯಾರಿಗೂ ಮಾರುತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಪೆಟ್ಟಿಗೆಯವನಿಗೆ ಹಳತಿನ ಬೆಲೆ ಬೇಕು, ಅದರ ಕಾರಣ ಬೇಡ. ನಾನಾದರೋ ಒಂದೊಂದು ಕಲೆಗೂ ಕಾರಣ ಕೇಳಬೇಕು. ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತಿತ್ತು? ಹಾಗಾದರೆ ಪಾಚಿ ಆ ಗೋಡೆಗೆ. ಗಾಡಿ ಎಲ್ಲಿ ಬ್ರೇಕು ಹಾಕುತ್ತಿತ್ತು? ಹಾಗಾದರೆ ಬ್ರೇಕಿನ ಕಬ್ಬಿಣ ಸವೆದ ಕಂದು ಹುಡಿ ಅಲ್ಲಿಯ ಜಲ್ಲಿಯ ಮೇಲೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕೆನ್ನುತ್ತಾರೆ ನಮ್ಮ ನೈಯಾಯಿಕರು. ಬೆಂಕಿಯೇ ಇಲ್ಲದ ಕಡೆ ಹೊಗೆಯನ್ನು ಬರೆದರೆ ಅದು ಸುಳ್ಳು. ಬೆಂಕಿ ಇತ್ತೆಂದು ಬಲ್ಲವನು ಹೊಗೆಯನ್ನು ಬರೆದರೆ ಅದು ಸಾಕ್ಷಿ. ಮಿತ್ರರು ತಲೆದೂಗಿದರು. ನನಗೂ ನನ್ನ ಉತ್ತರ ಬಹಳ ಹಿಡಿಸಿತು. ನಮ್ಮ ಮಾತು ನಮಗೇ ಅಷ್ಟು ಹಿಡಿಸಿದಾಗ ಒಂದಿಷ್ಟು ಎಚ್ಚರವಾಗಿರಬೇಕೆಂಬುದು ಆಗ ತೋಚಲಿಲ್ಲ.

ಒಂದು ವಾರದ ಮೇಲೆ ನನ್ನ ತಾಯಿ ಮಹಡಿ ಹತ್ತಿ ಬಂದರು. ಮೊಣಕಾಲು ನೋವಿನಿಂದಾಗಿ ಅವರು ಮೇಲೆ ಬರುವುದೇ ಅಪರೂಪ. ಕನ್ನಡಕ ಸರಿಮಾಡಿಕೊಂಡು, ಹಲಗೆಯ ಮೇಲೆ ಬಗ್ಗಿ, ನಿಲ್ದಾಣದ ಕೋಣೆ, ನೀರಿನ ತೊಟ್ಟಿ, ನಾವಿದ್ದ ಕ್ವಾರ್ಟರ್ಸು ಎಲ್ಲವನ್ನೂ ಒಂದೊಂದಾಗಿ ಗುರುತಿಸಿದರು. ಆಮೇಲೆ ಹಳಿಯ ಕವಲಿನ ಪಕ್ಕದಲ್ಲಿ ನಾನು ನೆಟ್ಟಿದ್ದ ಲೀವರನ್ನು ನೋಡಿದರು. ಗುಂಡುಸೂಜಿಯ ತಲೆ ಕತ್ತರಿಸಿ ಮಾಡಿದ್ದು ಅದು. ಒಂದು ಸೆಂಟಿಮೀಟರ್ ಎತ್ತರವಿದೆ. ಅದಕ್ಕೆ ನಾನು ನನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು ಮೂರು ಬಗೆಯ ತುಕ್ಕನ್ನು ಬಳಿದಿದ್ದೆ.

“ಇದೇನೋ ಇದು?” ಎಂದರು.

“ಅಪ್ಪ ಎಳೀತಿದ್ದ ಲೀವರಮ್ಮ.”

“ಅವರು ಇದಕ್ಕೆ ತುಕ್ಕು ಹಿಡಿಯೋಕೆ ಬಿಟ್ಟಿದ್ರೇನೋ?”

ಅಷ್ಟೇ ಮಾತು. ಅವರು ಮೆಲ್ಲಗೆ ಮೆಟ್ಟಿಲಿಳಿದು ಹೋದರು. ನಾನು ಕುಂಚ ಹಿಡಿದುಕೊಂಡು ಕೂತೇ ಇದ್ದೆ.

ತಂದೆ ಆ ಲೀವರನ್ನು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ ಎಣ್ಣೆಯ ಡಬ್ಬವನ್ನೂ ಒಂದು ಹಿಡಿ ಹತ್ತಿಯ ವೇಸ್ಟನ್ನೂ ಹಿಡಿದು ಹೋಗುತ್ತಿದ್ದರು. ಅದರ ಹಿಡಿ ಅವರ ಮತ್ತು ಅವರ ಜೊತೆಗಾರರ ಅಂಗೈ ತಾಗಿ ತಾಗಿ ದೇವರ ಮನೆಯ ಗಂಟೆಯ ಹಿಡಿಯಂತೆ ನುಣುಪಾಗಿತ್ತು. ಹಾಗಾದರೆ ನಾನು ನೆನಪಿನಿಂದ ಬರೆದ ತುಕ್ಕು ಎಲ್ಲಿಂದ ಬಂತು? ಯೋಚಿಸಿದಾಗ ಹೊಳೆಯಿತು. ಮಾರ್ಗ ಮುಚ್ಚಿದ ಕೆಲವು ವರ್ಷಗಳ ಮೇಲೆ, ನಾನು ಎಂ.ಎ. ಓದುತ್ತಿದ್ದಾಗ, ಒಮ್ಮೆ ಅಲ್ಲಿಗೆ ನಡೆದುಹೋಗಿದ್ದೆ. ಲಂಟಾನದ ಪೊದೆಯೊಳಗೆ ಓರೆಯಾಗಿ ನಿಂತಿದ್ದ ಲೀವರನ್ನು ಕಂಡಿದ್ದೆ. ಆ ಒಂದು ಮಧ್ಯಾಹ್ನದ ನೋಟ ಹತ್ತು ವರ್ಷಗಳ ರಜೆಯ ನೋಟಗಳನ್ನೆಲ್ಲ ಮುಚ್ಚಿಹಾಕಿತ್ತು. ತುಕ್ಕಿಗೆ ಕಾರಣವಿತ್ತು, ನಿಜ. ಆದರೆ ಆ ಕಾರಣ ತಂದೆಯಲ್ಲ, ತಂದೆ ಅಲ್ಲಿ ಇಲ್ಲದಿದ್ದುದು. ಅವರಿಲ್ಲದ ಕಾಲದ ಬಣ್ಣವನ್ನು ಅವರಿದ್ದ ಕಾಲಕ್ಕೆ ಬಳಿದಿದ್ದೆ.

ರೈಲಿನ ಹಳಿಯನ್ನು ಗಮನಿಸಿದವರಿಗೆ ಇದು ಗೊತ್ತು. ಹಳಿಯ ಪಕ್ಕಗಳು ಸದಾ ಕಂದು. ಮೇಲ್ಮೈ ಮಾತ್ರ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದು ಹೊಸತನದ ಹೊಳಪಲ್ಲ, ದುಡಿಮೆಯ ಹೊಳಪು. ಮಳೆಗಾಲದಲ್ಲಿ ನಾಲ್ಕು ದಿನ ಗಾಡಿ ಓಡದಿದ್ದರೆ ಅದೂ ಕೆಂಪಗಾಗುತ್ತದೆ. ಕಾಲ ವಸ್ತುಗಳನ್ನು ಎರಡು ಬಗೆಯಲ್ಲಿ ಹಳತು ಮಾಡುತ್ತದೆ: ಕೈಬಿಟ್ಟದ್ದನ್ನು ತುಕ್ಕಿನಿಂದ, ಕೈಬಿಡದ್ದನ್ನು ಸವೆತದಿಂದ. ಎರಡೂ ಹಳತೇ. ಆದರೆ ಒಂದರ ಬದಲು ಇನ್ನೊಂದನ್ನು ಬರೆದರೆ ಒಬ್ಬ ಮನುಷ್ಯನ ನಡತೆಯ ಮೇಲೆ ಸುಳ್ಳು ಹೇಳಿದಂತಾಗುತ್ತದೆ. ಯಾರಿಗೂ ಮಾರದಿದ್ದರೆ ಮೋಸವಿಲ್ಲ ಎಂದು ಮಿತ್ರರಿಗೆ ಹೇಳಿದ್ದೆನಲ್ಲ. ಮೋಸಹೋಗುವವನಿಲ್ಲದಿದ್ದರೂ ಅನ್ಯಾಯಕ್ಕೆ ಗುರಿಯಾಗುವವನು ಇರಬಹುದು, ಅವನು ಉತ್ತರ ಹೇಳಲು ಬದುಕಿಲ್ಲದಿರಬಹುದು.

ಇದು ನನ್ನೊಬ್ಬನ ತಪ್ಪಲ್ಲವೆಂದು ತೋರುತ್ತದೆ. ಹಿಂದಿನವರನ್ನು ನಾವು ಹುಟ್ಟಿನಿಂದಲೇ ಹಳಬರನ್ನಾಗಿ ಮಾಡುತ್ತೇವೆ. ಅಜ್ಜಿಯ ಮದುವೆಯನ್ನು ಮಾಸಿದ ಛಾಯಾಚಿತ್ರದ ಬಣ್ಣದಲ್ಲಿಯೇ ಊಹಿಸುತ್ತೇವೆ. ಆ ದಿನ ಅವಳ ಸೀರೆ ಗಿಳಿಹಸಿರಾಗಿದ್ದಿರಬಹುದೆಂದು ನಮಗೆ ತೋಚುವುದಿಲ್ಲ. ತರಗತಿಯಲ್ಲಿ ನಾನು ಪಂಪನನ್ನು ಪಾಠ ಹೇಳುವಾಗ ಹುಡುಗರು ಹಳಗನ್ನಡವೆಂದು ನಿಟ್ಟುಸಿರು ಬಿಡುತ್ತಾರೆ. ಹತ್ತನೆಯ ಶತಮಾನದಲ್ಲಿ ಕಾವ್ಯ ಬರೆದ ಪಂಪನಿಗೆ ಅದು ಹಳಗನ್ನಡವಾಗಿರಲಿಲ್ಲ. ಬಾಯಲ್ಲಿ ಬಿಸಿಯಾಗಿದ್ದ ಕನ್ನಡ. ತಂದೆ ಕೆಲಸಕ್ಕೆ ಸೇರಿದಾಗ ಆ ನಿಲ್ದಾಣಕ್ಕೆ ಐದಾರು ವರ್ಷ ವಯಸ್ಸು. ಗೋಡೆಯ ಸಿಮೆಂಟು ಹೊಸದು, ಹಳಿ ಹೊಸದು, ಅವರ ಸಮವಸ್ತ್ರ ಹೊಸದು. ಮೂವತ್ತು ದಾಟದ ಯುವಕ ಅವರು. ಅದನ್ನೆಲ್ಲ ನಾನು ಮಬ್ಬು ಕಂದಿನಲ್ಲಿ ಅದ್ದಿಬಿಟ್ಟಿದ್ದೆ.

ಯಾಕೆ ಹೀಗೆ ಮಾಡುತ್ತೇವೆ? ನನ್ನ ಮಟ್ಟಿಗೆ ಉತ್ತರ ಅಷ್ಟೇನೂ ಹಿತವಾದದ್ದಲ್ಲ. ಕಾಲೇಜಿಗೆ ಸೇರಿದ ಹೊಸದರಲ್ಲಿ ಯಾರಾದರೂ ಕೇಳಿದರೆ ನಮ್ಮ ತಂದೆ “ರೈಲ್ವೆಯಲ್ಲಿದ್ದರು” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದೆ. ಏನಾಗಿದ್ದರೆಂದು ಹೇಳುತ್ತಿರಲಿಲ್ಲ. ಹಾಗೆ ಬಚ್ಚಿಟ್ಟವನಿಗೆ ತುಕ್ಕು ಹಿಡಿದ ಲೀವರ್ ಬಹಳ ಅನುಕೂಲದ ವಸ್ತು. ಅದನ್ನು ನೋಡಿದರೆ ಕಣ್ಣು ಒದ್ದೆಯಾಗುತ್ತದೆ. ಕಾಲ ಎಲ್ಲವನ್ನೂ ನುಂಗಿತೆಂದು ಒಂದು ನಿಟ್ಟುಸಿರು ಬರುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಹೊಳೆಯುವ ಲೀವರ್ ಹಾಗಲ್ಲ. ಮಳೆಯಲ್ಲಿ ನೆನೆಯುತ್ತ ಅದನ್ನು ಒರಸಿದವನು ಯಾರು, ಅವನ ಹೆಸರನ್ನು ನೀನೇಕೆ ಹೇಳಲಿಲ್ಲ ಎಂದು ಅದು ಕೇಳುತ್ತದೆ. ಕನಿಕರಕ್ಕೆ ತುಕ್ಕು ಸಾಕು. ಗೌರವ ತೋರಬೇಕಾದರೆ ಹೊಳಪನ್ನು ನೆನೆಯಬೇಕು.

ಹಾಗೆಂದು ತಾಯಿ ಹೇಳಿದ್ದೆಲ್ಲವನ್ನೂ ನಾನು ಒಪ್ಪಲಿಲ್ಲ. ಮರುದಿನ ಅವರು ಕ್ವಾರ್ಟರ್ಸಿನ ಗೋಡೆಯ ಪಾಚಿಯನ್ನೂ ತೆಗೆಯಬೇಕೆಂದರು. ಪಾಚಿ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಉಗುರಿನಿಂದ ಅದರ ಮೇಲೆ ನನ್ನ ಹೆಸರನ್ನು ಗೀಚಿದ್ದೆ. ವಾದ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅವರೇ, “ಯುಗಾದಿಗೆ ಸುಣ್ಣ ಹೊಡೀತಿದ್ವಿ ಕಣೋ. ಪಾಚಿ ಬರೋದು ಆಷಾಢ ಕಳೆದ ಮೇಲೆ” ಎಂದರು. ಇಬ್ಬರೂ ಸರಿ, ತಿಂಗಳು ಬೇರೆ. ಇಂಗ್ಲೆಂಡಿನ ಲಾಂಗ್ ವಿಟ್ಟನ್‌ಹ್ಯಾಮಿನಲ್ಲಿ ರಾಯ್ ಇಂಗ್ಲೆಂಡ್ ಎಂಬವರು ೧೯೫೪ರಲ್ಲಿ ಆರಂಭಿಸಿದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ಆ ಸೀಮೆಯ ಹಳ್ಳಿಗಳ ಮಾದರಿಯಿದೆ. ೧೯೨೦-೩೦ರ ದಶಕಗಳಲ್ಲಿ ಅವು ಹೇಗಿದ್ದವೋ ಹಾಗೆ ತೋರಿಸುವುದು ಅಲ್ಲಿಯ ನಿಯಮ. ಅಹರ್ನನ ಮ್ಯಾಡರ್ ವ್ಯಾಲಿಯನ್ನೂ ಈಗ ಅಲ್ಲಿಯೇ ಕಾಪಾಡಿಕೊಂಡಿದ್ದಾರೆ. ಅವರ ನಿಯಮದ ಅರ್ಥ ನನಗೆ ಈಗ ಆಯಿತು. ‘ಹಿಂದಿನ ಕಾಲ’ ಎಂಬುದೊಂದು ಕಾಲವಿಲ್ಲ. ಇಂಥ ವರ್ಷ, ಇಂಥ ತಿಂಗಳು ಎಂದು ಹೇಳಿದ ಮೇಲೆಯೇ ನಿಜ ಸುಳ್ಳುಗಳ ಮಾತು.

ತಾಯಿಯೂ ನಾನೂ ಕೂಡಿ ನಿಶ್ಚಯಿಸಿದೆವು. ನಮ್ಮ ನಿಲ್ದಾಣದಲ್ಲಿ ಈಗ ೧೯೮೯ನೆಯ ಇಸವಿಯ ಶ್ರಾವಣ ಮಾಸ. ಗೋಡೆಗೆ ಪಾಚಿ ಇದೆ. ಹಳಿಯ ಪಕ್ಕಗಳು ಕಂದು, ಮೇಲ್ಮೈ ಬೆಳ್ಳಗೆ. ಲೀವರಿಗೆ ಹೊಳಪು ಕೊಡಲು ಬೆಳ್ಳಿಬಣ್ಣ ತಂದು ಹಚ್ಚಿ ನೋಡಿದೆ. ಬಣ್ಣ ಬಣ್ಣವಾಗಿಯೇ ಕಂಡಿತು. ಕೊನೆಗೆ ನುಣುಪಾದ ಉಪ್ಪುಕಾಗದದ ಚೂರೊಂದರಿಂದ ತುದಿಯನ್ನು ಮೆಲ್ಲಗೆ ಉಜ್ಜಿದೆ. ನನ್ನ ಮೂರು ಬಗೆಯ ತುಕ್ಕೂ ಉದುರಿ, ಒಳಗಿದ್ದ ಗುಂಡುಸೂಜಿಯ ಲೋಹ ತಾನಾಗಿ ಬೆಳಗಿತು.

ಸಂಜೆ ತಾಯಿಯನ್ನು ಕೈಹಿಡಿದು ಮೇಲಕ್ಕೆ ಕರೆತಂದೆ. ಬಗ್ಗಿ ನೋಡಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಎಣ್ಣೆ ಡಬ್ಬ ಎಲ್ಲೋ?” ಎಂದರು.

ಈಗ ಅದನ್ನು ಮಾಡುತ್ತಿದ್ದೇನೆ. ಎರಡು ಮಿಲಿಮೀಟರಿನದು, ಕೈ ನಡುಗುತ್ತದೆ.