ಸದ್ದು ಮುಚ್ಚುವುದೋ, ಶಾಖ ತಡೆಯುವುದೋ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ದೇವರಿಗೆ ಹೋಗುವುದೆಂದರೆ ಅರ್ಧ ಮನೆಯನ್ನೇ ಕಟ್ಟಿಕೊಂಡು ಹೋಗುವುದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರ ಮೊಮ್ಮಕ್ಕಳು ಈಗ ಟ್ರೇಲರಿಗೆ ತಾಡಪತ್ರಿ ಬಿಗಿದು, ಇಲ್ಲವೆ ಟೆಂಪೊ ಮಾಡಿಕೊಂಡು ಹೋಗುತ್ತಾರೆ. ಕೈಯಲ್ಲಿ ನಾಲ್ಕು ಕಾಸಿದ್ದವರಿಗೆ ವ್ಯಾನಿನೊಳಗೇ ಹಾಸಿಗೆ, ಒಲೆ, ಬ್ಯಾಟರಿಯ ಮೇಲೆ ಓಡುವ ಸಣ್ಣ ಫ್ರಿಜ್ ಕೂಡಿಸಿಕೊಳ್ಳುವ ಅನುಕೂಲವೂ ಬಂದಿದೆ. ಅದರ ಬೆನ್ನಿಗೇ ಒಂದು ತಕರಾರೂ ಬಂದಿದೆ: ತಲೆದಿಂಬಿನಿಂದ ಮೂರು ಅಡಿ ದೂರದಲ್ಲಿ ಫ್ರಿಜ್ ರಾತ್ರಿಯಿಡೀ ಗುಂಯ್ ಎನ್ನುತ್ತದೆ. ಇದನ್ನು ಗ್ಯಾರೇಜಿನವರಿಗೆ ಬಿಟ್ಟುಬಿಡಬಹುದಾದ ಮಾತೆಂದು ಯಾರಿಗಾದರೂ ಅನ್ನಿಸೀತು. ನನಗೆ ಹಾಗೆ ಅನ್ನಿಸುವುದಿಲ್ಲ. ಸದ್ದನ್ನು ಸದ್ದಿನ ಜಾಗದಲ್ಲೇ ಅಡಗಿಸಬೇಕೋ, ಅದನ್ನು ಹುಟ್ಟಿಸುವ ಕಾರಣವನ್ನು ತಡೆಯಬೇಕೋ ಎಂಬ ಪ್ರಶ್ನೆಯನ್ನು ಬೆಳಗಾವಿ ಸೀಮೆಯ ರೈತಾಪಿ ಜೈನರ ಮನೆಗಳಲ್ಲಿ ಇಂದಿಗೂ ಬದುಕಿರುವ ತತ್ತ್ವವೊಂದು ಬಹಳ ಹಿಂದೆಯೇ ಕೇಳಿ, ಉತ್ತರವನ್ನೂ ಕೊಟ್ಟಿದೆ. ಫ್ರಿಜ್ಜಿನ ಲೆಕ್ಕಾಚಾರ ಆ ಉತ್ತರವನ್ನೇ ಸಮರ್ಥಿಸುತ್ತದೆ ಎಂಬುದು ನನ್ನ ವಾದ.

ಮೊದಲು ಸದ್ದಿನ ವಿಚಾರ. ಮಳೆಗಾಲದಲ್ಲಿ ಘಟಪ್ರಭೆ ಗೋಕಾಕ ಫಾಲ್ಸಿನಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುವ ಅಬ್ಬರದ ಮುಂದೆ ಫ್ರಿಜ್ಜಿನ ಸದ್ದು ಯಾವ ಲೆಕ್ಕಕ್ಕೂ ಇಲ್ಲ. ಆದರೂ ಒಂದೇ ಸಮನೆ ಸುರಿಯುವ ನೀರಿನ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ತಟ್ಟನೆ ಶುರುವಾಗಿ, ಒಮ್ಮೆ ನಡುಗಿ ನಿಂತು, ಮತ್ತೆ ಶುರುವಾಗುವ ಕಂಪ್ರೆಸರಿಗೆ ಒಗ್ಗಿಕೊಳ್ಳುವುದಿಲ್ಲ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಅದನ್ನು ಮುಚ್ಚುವುದು: ಸುತ್ತ ಪ್ಲೈವುಡ್ ಹೊಡೆದು, ಒಳಗೆ ಸ್ಪಂಜು ತುರುಕಿ, ಮೇಲೊಂದು ಚಾದರ ಹೊದಿಸುವುದು. ಆದರೆ ಫ್ರಿಜ್ ತಂಪನ್ನು ಹುಟ್ಟಿಸುವ ಯಂತ್ರವಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವ ಯಂತ್ರ. ಅದರ ಬೆನ್ನಿನ ಜಾಲರಿಗೆ ಗಾಳಿ ಸಿಗದಿದ್ದರೆ ಎತ್ತಿ ಹಾಕಿದ ಶಾಖ ಅಲ್ಲೇ ಕೂರುತ್ತದೆ, ಕಂಪ್ರೆಸರ್ ಇನ್ನೂ ಹೆಚ್ಚು ಹೊತ್ತು ಏದುಸಿರು ಬಿಡುತ್ತದೆ. ಅಂದರೆ ಸದ್ದನ್ನು ಮುಚ್ಚಿದಷ್ಟೂ ಸದ್ದಿನ ಕಾರಣ ಬೆಳೆಯುತ್ತದೆ. ಕಾಲಡಿಗೆ ರಬ್ಬರ್ ಬುಷ್ ಹಾಕುವುದು ಒಳ್ಳೆಯದೇ. ನಡುಕ ವ್ಯಾನಿನ ತಗಡಿಗೆ ಹಬ್ಬಿ ತಗಡೇ ತಮಟೆಯಾಗುವುದು ಅದರಿಂದ ತಪ್ಪುತ್ತದೆ. ಆದರೆ ಯಂತ್ರ ಓಡಬೇಕಾದ ಹೊತ್ತು ಅದರಿಂದ ಒಂದು ನಿಮಿಷವೂ ಕಡಿಮೆಯಾಗದು.

ಕಡಿಮೆಯಾಗುವುದು ಗೋಡೆಯಿಂದ. ಒಂದೂವರೆ ಚದರ ಮೀಟರ್ ಮೈಯಿರುವ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ಗೋಡೆಯಲ್ಲಿ 3 ಸೆಂಟಿಮೀಟರ್ ಪಫ್, ಅಂದರೆ ಪಾಲಿಯುರಥೇನ್ ನೊರೆಯ ಹಾಳೆ, ಇದೆ, ಒಳಗೆ 4 ಡಿಗ್ರಿ, ಹೊರಗೆ ಬೇಸಿಗೆಯ 38 ಡಿಗ್ರಿ. ಲೆಕ್ಕ ಹಾಕಿದರೆ ಸುಮಾರು 42 ವ್ಯಾಟ್ ಶಾಖ ಹಗಲಿರುಳು ಒಳಗೆ ನುಸುಳುತ್ತಿರುತ್ತದೆ. ಪಫ್ಫಿನ ದಪ್ಪವನ್ನು 6 ಸೆಂಟಿಮೀಟರಿಗೆ ಏರಿಸಿದರೆ ನುಸುಳುವುದು 21 ವ್ಯಾಟ್. ಕಂಪ್ರೆಸರ್ ಓಡುವ ಹೊತ್ತು ಹೆಚ್ಚುಕಡಿಮೆ ಅರ್ಧ. ವ್ಯಾನಿನ ತಗಡಿಗೆ ಒಳಗಿನಿಂದ ಹೊದಿಕೆಯಿಲ್ಲದೆ ಬಿಸಿಲಲ್ಲಿ ನಿಲ್ಲಿಸಿ ಒಳಗಿನ ಗಾಳಿ 48 ಡಿಗ್ರಿಗೆ ಏರಿತೆನ್ನಿ, ಆ 42 ವ್ಯಾಟ್ 55ರ ಹತ್ತಿರ ಹೋಗುತ್ತದೆ. ಹೊದಿಕೆ ಇಂಥದ್ದೇ ಆಗಬೇಕೆಂದಿಲ್ಲ. ಪಫ್ ಆಗಲಿ, ಥರ್ಮಾಕೋಲ್ ಆಗಲಿ, ನಮ್ಮ ಕುರುಬರು ನೇಯುವ ಕರಿ ಕಂಬಳಿಯಾಗಲಿ, ಶಾಖವನ್ನು ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಅವುಗಳ ಸಂದಿನಲ್ಲಿ ಅಲುಗಾಡದೆ ನಿಂತ ಗಾಳಿ ಇಲ್ಲವೆ ಅನಿಲದ್ದು.

ಮೊದಲಿಗೆ ಹೇಳಿದ ಜೈನ ತತ್ತ್ವದ ಉತ್ತರವೂ ಇದೇ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಏಳು ತತ್ತ್ವಗಳನ್ನು ಎಣಿಸುವಾಗ ಆಸ್ರವ, ಬಂಧ, ಸಂವರ, ನಿರ್ಜರಾ ಎಂಬ ಕ್ರಮ ಇಟ್ಟಿದೆ. ಮನಸ್ಸು, ಮಾತು, ಮೈಗಳ ಚಲನೆಯಿಂದ ಕರ್ಮ ಒಳಗೆ ಹರಿದು ಬರುವುದು ಆಸ್ರವ. ಹಾಗೆ ಬಂದದ್ದು ಜೀವಕ್ಕೆ ಅಂಟಿಕೊಳ್ಳುವುದು ಬಂಧ. ಕರ್ಮದ ಹರಿವನ್ನು ತಡೆಯುವುದು ಸಂವರ. ಆಗಲೇ ಒಳಗೆ ಸೇರಿದ್ದನ್ನು ಉದುರಿಸುವುದು ನಿರ್ಜರಾ. ಸಂವರ ಮೊದಲು, ನಿರ್ಜರಾ ಆಮೇಲೆ. ಒಂಬತ್ತನೆಯ ಅಧ್ಯಾಯ ಇವೆರಡನ್ನೂ ಒಟ್ಟಿಗೇ ವಿವರಿಸುತ್ತದೆ. ಕಂಪ್ರೆಸರ್ ಮಾಡುವುದು ಉದುರಿಸುವ ಕೆಲಸ, ಗೋಡೆ ಮಾಡುವುದು ತಡೆಯುವ ಕೆಲಸ. ಗೋಡೆಯಿಲ್ಲದ ಪೆಟ್ಟಿಗೆಗೆ ಎಷ್ಟು ದೊಡ್ಡ ಕಂಪ್ರೆಸರ್ ಕೂಡಿಸಿದರೂ ಅದು ಎತ್ತಿ ಹಾಕುವುದು ಆ ಗಳಿಗೆಯಲ್ಲಿ ಒಳಬಂದದ್ದನ್ನೇ. ಉಪವಾಸ, ಜಪ, ದಾನಗಳ ಲೆಕ್ಕ ಇಟ್ಟುಕೊಂಡೂ ಸಿಟ್ಟಿಗೆ, ಆಸೆಗೆ ಬಾಗಿಲು ತೆರೆದಿಟ್ಟವರ ಧಾರ್ಮಿಕ ಬದುಕಿನ ದಣಿವು ಇಂಥದ್ದು. ಅವರ ಶ್ರದ್ಧೆಯಲ್ಲಿ ಕೊರತೆಯಿಲ್ಲ. ದುಡಿಮೆ ತಪ್ಪು ತುದಿಯಲ್ಲಿ ನಡೆದಿದೆ.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಯಂತ್ರಶಾಸ್ತ್ರದ ಕಡೆಯಿಂದಲೇ ಇದೆ. ಸದ್ದೇ ಇಲ್ಲದ ಫ್ರಿಜ್ ಇದೆಯಲ್ಲ, ಗೋಡೆಯ ಗೋಜೇಕೆ? ಸ್ವೀಡನ್ನಿನಲ್ಲಿ ಬಾಲ್ಟ್ಸರ್ ಫೊನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ವಿದ್ಯಾರ್ಥಿಗಳು 1922ರಲ್ಲಿ ರೂಪಿಸಿದ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರಲಿಲ್ಲ. ಅಮೋನಿಯಾವನ್ನು ಉರಿಯಿಂದ ಕಾಯಿಸಿ ಅದು ತಂಪು ಮಾಡುತ್ತಿತ್ತು. ಅದೇ ತತ್ತ್ವದ ಫ್ರಿಜ್ಜುಗಳು ಇಂದಿಗೂ ಕ್ಯಾಂಪರ್ ವ್ಯಾನುಗಳಲ್ಲಿವೆ, ನಿಜಕ್ಕೂ ಸದ್ದಿಲ್ಲ. ಆದರೆ ಅಷ್ಟೇ ತಂಪಿಗೆ ಅವು ಕಂಪ್ರೆಸರ್ ಫ್ರಿಜ್ಜಿಗಿಂತ ಹಲವು ಪಟ್ಟು ಶಕ್ತಿ ತಿನ್ನುತ್ತವೆ, ಅಷ್ಟೂ ಬಿಸಿಯನ್ನು ಬೆನ್ನಿನಿಂದ ಚೆಲ್ಲುತ್ತವೆ, ವ್ಯಾನು ಓರೆಯಾಗಿ ನಿಂತರೆ ಕೆಲಸವನ್ನೇ ನಿಲ್ಲಿಸುತ್ತವೆ. ಹೊರಗೆ ಮೌನ, ಒಳಗೆ ಉರಿ. ಮೌನವ್ರತ ಹಿಡಿದೂ ಮನಸ್ಸಿನಲ್ಲಿ ಜಗಳವಾಡುತ್ತ ಕೂತವನನ್ನು ಜೈನ ಶಾಸ್ತ್ರ ಸಂವರದಲ್ಲಿದ್ದಾನೆ ಎನ್ನುವುದಿಲ್ಲ. ಮಾತಿನ ಹತೋಟಿಯಾದ ವಚನಗುಪ್ತಿಯ ಜೊತೆಗೆ ಮನಸ್ಸಿನ ಹತೋಟಿಯಾದ ಮನೋಗುಪ್ತಿಯನ್ನೂ ಅದು ಕೇಳುತ್ತದೆ. ಸದ್ದು ನಿಂತಿತೆಂಬುದು ಬೇಡಿಕೆ ಇಳಿಯಿತೆಂಬುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ತಡೆಯುವುದೆಂದರೆ ಎಲ್ಲ ಬಾಗಿಲು ಹಾಕಿಕೊಂಡು ಜಗತ್ತಿನಿಂದ ದೂರವಿರುವುದೇ ಎಂಬುದು ಇನ್ನೊಂದು ಪ್ರಶ್ನೆ. ನಿವೃತ್ತಿಯ ದಾರಿಯನ್ನು ಟೀಕಿಸುವವರು ಹಿಂದಿನಿಂದಲೂ ಇದನ್ನು ಎತ್ತಿದ್ದಾರೆ. ವ್ಯಾನಿನ ಅನುಭವಸ್ಥರು ಇಲ್ಲಿ ಒಂದು ಎಚ್ಚರ ಹೇಳುತ್ತಾರೆ: ಹೊದಿಕೆ ಎಷ್ಟೇ ದಪ್ಪವಿರಲಿ, ಗಾಳಿಕಿಂಡಿ ಬಿಡಲೇಬೇಕು. ಮಲಗಿದವರ ಉಸಿರಿನ ಹಬೆ ತಣ್ಣನೆಯ ತಗಡಿಗೆ ಹನಿಯಾಗಿ ಕೂತು ಬೂಸ್ಟು ಹಿಡಿಯುತ್ತದೆ, ತುಕ್ಕು ತಿನ್ನುತ್ತದೆ, ಒಲೆ ಹಚ್ಚಿದರೆ ಜೀವಕ್ಕೇ ಅಪಾಯ. ತಡೆಯಬೇಕಾದದ್ದು ಶಾಖವನ್ನು, ಉಸಿರನ್ನಲ್ಲ. ಸಂವರವೂ ಆಯ್ದು ತಡೆಯುವ ಕಲೆಯೇ. ಅದರ ಸಾಧನಗಳಲ್ಲಿ ಒಂದಾದ ಸಮಿತಿ, ನಡೆಯುವಾಗ, ಮಾತಾಡುವಾಗ, ವಸ್ತು ಎತ್ತಿಡುವಾಗ ಸಣ್ಣ ಜೀವಕ್ಕೂ ನೋವಾಗದಂತೆ ನೋಡಿಕೊಳ್ಳುವ ಎಚ್ಚರ. ಇದಕ್ಕೆ ಕಣ್ಣು ತೆರೆದಿರಬೇಕು. ಕುಳಿತಲ್ಲಿಂದ ಏಳುವಾಗ ನೆಲವನ್ನು ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಸವರುವ ಮುನಿ ಜಗತ್ತಿಗೆ ಬಾಗಿಲು ಹಾಕಿಕೊಂಡವನಲ್ಲ. ಉಳಿದವರಿಗೆ ಕಾಣದ ಇರುವೆಯೂ ಅವನಿಗೆ ಕಾಣುತ್ತದೆ.

ಎಲ್ಲಕ್ಕಿಂತ ಕಠಿಣ ಆಕ್ಷೇಪ ಈ ಮುನಿಯಿಂದಲೇ ಬರುತ್ತದೆ. ಬೆಳಗಾವಿ ಜಿಲ್ಲೆಯ ಯಳಗೂಳದಲ್ಲಿ 1872ರಲ್ಲಿ ಹುಟ್ಟಿ, 1920ರ ಸುಮಾರಿಗೆ ಮುನಿದೀಕ್ಷೆ ಪಡೆದು, ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರು ಉತ್ತರ ಭಾರತದವರೆಗೆ ನಡೆದೇ ಹೋದರು. ವಾಹನವಿಲ್ಲ, ಪಾತ್ರೆಯಿಲ್ಲ, ದಿನಕ್ಕೊಂದೇ ಸಲ ನಿಂತು, ಬೊಗಸೆಯಲ್ಲಿ ಆಹಾರ. ಚಳಿ, ಸೆಕೆ, ಸೊಳ್ಳೆ ಮೂರೂ ಮುನಿ ಸಹಿಸಬೇಕಾದ 22 ಪರೀಷಹಗಳ ಪಟ್ಟಿಯಲ್ಲಿವೆ. ಮುನಿಗೆ ಕೊಡುವ ಆಹಾರ ಆಗಷ್ಟೇ ಮಾಡಿದ್ದಿರಬೇಕು. ಫ್ರಿಜ್ಜಿನಲ್ಲಿಟ್ಟದ್ದು ಚೌಕಕ್ಕೆ, ಅಂದರೆ ಮುನಿಗೆ ಆಹಾರ ಸಿದ್ಧಮಾಡುವ ಶುದ್ಧ ಅಡುಗೆಮನೆಗೆ, ಸಲ್ಲದು. ಅಂಥ ತತ್ತ್ವವನ್ನು ಫ್ರಿಜ್ಜಿನ ಸಮರ್ಥನೆಗೆ ಎಳೆಯುವುದು ಎಷ್ಟು ಸರಿ? ಆಕ್ಷೇಪದ ಅರ್ಧವನ್ನು ಒಪ್ಪುತ್ತೇನೆ: ಮುನಿಯ ಸಂವರದ ಮುಂದೆ ನಮ್ಮ ಪಫ್ ಹಾಳೆ ಏನೂ ಅಲ್ಲ. ಯಾವ ಹೊದಿಕೆಯೂ ಶಾಖವನ್ನು ಪೂರ್ತಿ ನಿಲ್ಲಿಸದು, ನಿಧಾನಿಸುತ್ತದೆ ಅಷ್ಟೆ. ಸಂವರವಾದರೋ ಪೂರ್ಣ ನಿಲುಗಡೆಯವರೆಗೆ ಹೋಗಬಲ್ಲದು. ಆದರೆ ಅದೇ ಪರಂಪರೆ ಗೃಹಸ್ಥನಿಗೆಂದು ಅಣುವ್ರತ, ಅಂದರೆ ಸಣ್ಣ ವ್ರತಗಳ ದಾರಿಯನ್ನೂ, ಅವಕ್ಕೆ ಬಲ ಕೊಡುವ ಗುಣವ್ರತಗಳನ್ನೂ ಹಾಕಿಕೊಟ್ಟಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಹೇಳುವ ಗುಣವ್ರತಗಳಲ್ಲಿ ದಿಗ್‌ವ್ರತ ತಿರುಗಾಟಕ್ಕೆ ಎಲ್ಲೆ ಹಾಕುತ್ತದೆ, ಭೋಗೋಪಭೋಗ ಪರಿಮಾಣ ಬಳಸುವ ವಸ್ತುಗಳಿಗೆ ಮಿತಿ ಹಾಕುತ್ತದೆ. ಇವು ಹೊಲ, ಮನೆ, ಮಕ್ಕಳು ಇದ್ದವರಿಗೆ ಹೇಳಿದ ಮಾತುಗಳು. ವ್ಯಾನು ಹತ್ತಬೇಡ ಎಂದು ಅವು ಹೇಳುವುದಿಲ್ಲ. ಎಷ್ಟು ದೂರ, ಎಷ್ಟು ಸಾಮಾನು ಎಂದು ಹೊರಡುವ ಮೊದಲೇ ಗೊತ್ತುಮಾಡಿಕೋ ಎನ್ನುತ್ತವೆ.

ಈ ಮಿತಿ ನಮ್ಮ ಸೀಮೆಗೆ ಹೊಸದಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗೋಕಾಕದ ಕರದಂಟು, ಇವುಗಳಲ್ಲಿ ಒಂದಕ್ಕೂ ಫ್ರಿಜ್ ಬೇಡ. ಅಂಟು, ಬೆಲ್ಲ, ಒಣಹಣ್ಣುಗಳಲ್ಲಿ ನೀರಿನಂಶ ಕಡಿಮೆ, ಆದ್ದರಿಂದ ಕರದಂಟು ಬೇಗ ಕೆಡುವುದಿಲ್ಲ. ಬುತ್ತಿ ಹೀಗೆ ಕಟ್ಟಿದರೆ ತಂಪು ಬೇಕಾಗಿ ಉಳಿಯುವುದು ಮಗುವಿನ ಹಾಲಿಗೆ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ನಿಗೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಅದನ್ನು ಭೋಗವೆಂದು ತಳ್ಳಿಹಾಕುವುದು ಕ್ರೌರ್ಯ. ಅದಕ್ಕೆ ಮೇಲಿನಿಂದ ತೆರೆಯುವ ಸಣ್ಣ ಪೆಟ್ಟಿಗೆ ಸಾಕು. ತಣ್ಣನೆಯ ಗಾಳಿ ಭಾರವಾದ್ದರಿಂದ ಮುಚ್ಚಳ ಎತ್ತಿದರೂ ಅದು ಪಕ್ಕದ ಬಾಗಿಲಿನ ಫ್ರಿಜ್ಜಿನಲ್ಲಿ ಆಗುವಂತೆ ಹೊರಗೆ ಸುರಿದುಹೋಗುವುದಿಲ್ಲ. ಈ ಬೇಸಿಗೆಗೆ ವ್ಯಾನು ಸಿದ್ಧಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಸದ್ದಡಗಿಸುವ ಹಾಳೆಯನ್ನೋ ದೊಡ್ಡ ಬ್ಯಾಟರಿಯನ್ನೋ ಕೊಳ್ಳುವ ಮೊದಲು ಪೆಟ್ಟಿಗೆಯೊಳಗೆ ಇಡಲೇಬೇಕಾದ್ದನ್ನು ಚೀಟಿಯಲ್ಲಿ ಬರೆದು ನೋಡಿ, ಆಮೇಲೆ ಅದರ ಗೋಡೆಯ ದಪ್ಪ ಅಳೆಯಿರಿ.