ಇಂದಿನ ಧಮ್ಮ ಚಿಂತನೆ: ನೀರಿನ ಹುಳುವಿನ ಸಾಕ್ಷಿ

ನಮ್ಮ ಹಿರಿಯರು ಅತಿ ಹೆಚ್ಚು ಅವಮಾನ ಉಂಡ ಜಾಗಗಳಲ್ಲಿ ನೀರಿನ ದಡವೂ ಒಂದು. ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಬೊಗಸೆಯೊಡ್ಡಿ ಕುಡಿಯಬೇಕಿತ್ತು. ಇದಕ್ಕೆ ಕೊಡುತ್ತಿದ್ದ ಕಾರಣ ಎರಡೇ: ಒಂದು ಜಾತಿ, ಇನ್ನೊಂದು ಮೈಲಿಗೆ.

ಈ ಎರಡು ಮಾತುಗಳನ್ನು ಇಂದು ನೀರಿನಲ್ಲೇ ಹುಟ್ಟಿ ಬೆಳೆಯುವ ಪುಟ್ಟ ಹುಳುಗಳ ಮುಂದಿಟ್ಟು ನೋಡೋಣ. ಯಾರೋ ಹೇಳಿದರೆಂದು ಒಪ್ಪಬೇಡ, ಪರೀಕ್ಷಿಸಿ ನೋಡು ಎನ್ನುವುದೇ ನಮ್ಮ ಧಮ್ಮದ ರೀತಿಯಲ್ಲವೇ?

ಮೊದಲು ಜಾತಿ.

ಕೀಟಗಳು ಮೂಲತಃ ನೆಲದ ಜೀವಿಗಳು. ಅವುಗಳ ಮೈಯ ಬದಿಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಆ ರಂಧ್ರಗಳಿಂದ ಗಾಳಿ ಒಳಹೊಕ್ಕು ನವಿರಾದ ಕೊಳವೆಗಳಲ್ಲಿ ದೇಹವೆಲ್ಲ ಹರಡುತ್ತದೆ. ಇಂಥ ದೇಹ ನೀರಿನಲ್ಲಿ ಮುಳುಗಿದರೆ ಉಸಿರು ಕಟ್ಟಬೇಕು. ಆದರೂ ಕೋಟ್ಯಂತರ ವರ್ಷಗಳ ಅವಧಿಯಲ್ಲಿ ಹಲವು ಬಗೆಯ ಕೀಟಗಳು ನೀರಿಗಿಳಿದವು. ಉಸಿರಾಟಕ್ಕೆ ಒಂದೊಂದೂ ಒಂದೊಂದು ದಾರಿ ಕಂಡುಕೊಂಡಿತು.

ಚರಂಡಿಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಮರಿ ತಲೆಕೆಳಗಾಗಿ ತೂಗಾಡುತ್ತಾ ಬಾಲದ ಕಡೆಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ನೀರುಚೇಳಿಗೆ ಬಾಲದಂತೆ ಕಾಣುವ ಉದ್ದನೆಯ ಉಸಿರುಕೊಳವೆ ಇದೆ. ಅದರಲ್ಲಿ ವಿಷದ ಕೊಂಡಿ ಇಲ್ಲ. ನೀರಿನ ಜೀರುಂಡೆ ಮುಳುಗುವ ಮುಂಚೆ ಗಟ್ಟಿ ರೆಕ್ಕೆಯ ಅಡಿಯಲ್ಲಿ ಗಾಳಿಯನ್ನು ಬುತ್ತಿ ಕಟ್ಟಿಕೊಂಡಂತೆ ತುಂಬಿಕೊಳ್ಳುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ಹಿಂಭಾಗದಿಂದ ನೀರು ಎಳೆದುಕೊಂಡು ಒಳಗಿನ ಕಿವಿರುಗಳಿಂದ ಉಸಿರಾಡುತ್ತದೆ. ಅಪಾಯ ಬಂದರೆ ಅದೇ ನೀರನ್ನು ರಭಸದಿಂದ ಹಿಂದಕ್ಕೆ ಚಿಮ್ಮಿ ಮುಂದಕ್ಕೆ ನುಗ್ಗುತ್ತದೆ. ಮೇಫ್ಲೈ ಎಂಬ ಕೀಟದ ಮರಿಗೆ ಹೊಟ್ಟೆಯ ಎರಡೂ ಬದಿಯಲ್ಲಿ ಕಿವಿರುಗಳಿವೆ. ಕ್ಯಾಡಿಸ್ ಹುಳುಗಳಲ್ಲಿ ಅನೇಕವು ಬಾಯಿಂದ ರೇಷ್ಮೆಯ ಎಳೆ ತೆಗೆದು, ಮರಳು ಕಡ್ಡಿಗಳನ್ನು ಅಂಟಿಸಿ, ತಮ್ಮ ಸುತ್ತ ತಾವೇ ಗೂಡು ಕಟ್ಟಿಕೊಳ್ಳುತ್ತವೆ.

ಇವು ನಿಜವಾದ ಜಾತಿಗಳು. ನೋಡಿದೊಡನೆ ಇದು ಇಂಥದ್ದು, ಅದು ಅಂಥದ್ದು ಎಂದು ಹೇಳಬಹುದು. ಒಂದರ ಕಿವಿರು ಇನ್ನೊಂದಕ್ಕಿಲ್ಲ, ಒಂದರ ಕೊಳವೆ ಇನ್ನೊಂದಕ್ಕಿಲ್ಲ. ಹುಟ್ಟೇ ಅವುಗಳ ದೇಹವನ್ನು ಬೇರೆ ಬೇರೆ ಮಾಡಿದೆ.

ಭಗವಾನ್ ಬುದ್ಧರು ವಾಸೆಟ್ಠ ಸುತ್ತದಲ್ಲಿ ಹಿಡಿದದ್ದು ಇದೇ ಎಳೆಯನ್ನು. ವಾಸೆಟ್ಠ ಮತ್ತು ಭಾರದ್ವಾಜ ಎಂಬ ಇಬ್ಬರು ಯುವಕರು, ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ವಾದಿಸುತ್ತಾ ಬುದ್ಧರ ಬಳಿಗೆ ಬಂದರು. ಬುದ್ಧರು ಸಿಟ್ಟಾಗಲಿಲ್ಲ, ಶಾಸ್ತ್ರ ತೆಗೆಯಲಿಲ್ಲ. ಹುಲ್ಲು ಮರಗಳನ್ನು ನೋಡಿ ಎಂದರು. ಹುಳು ಇರುವೆಗಳನ್ನು, ನಾಲ್ಕು ಕಾಲಿನ ಪ್ರಾಣಿಗಳನ್ನು, ಹಾವುಗಳನ್ನು, ನೀರಿನ ಮೀನುಗಳನ್ನು, ಹಕ್ಕಿಗಳನ್ನು ನೋಡಿ ಎಂದರು. ಇವುಗಳಲ್ಲೆಲ್ಲ ಹುಟ್ಟಿನಿಂದ ಬಂದ ಗುರುತು ಉಂಟು. ಮನುಷ್ಯರ ಕೂದಲು, ಕಿವಿ, ಕಣ್ಣು, ಕೈಕಾಲುಗಳಲ್ಲಿ ಅಂಥ ಗುರುತು ಇಲ್ಲ. ಇರುವುದು ನಾವು ಇಟ್ಟುಕೊಂಡ ಹೆಸರು ಮಾತ್ರ, ಮನುಷ್ಯನನ್ನು ಅವನ ಕೆಲಸ ಮತ್ತು ನಡತೆಯಿಂದ ಅಳೆಯಬೇಕು ಎಂದು ತೋರಿಸಿಕೊಟ್ಟರು.

ಯೋಚಿಸಿ ಬಂಧುಗಳೇ. ಕೊಳಚೆ ನೀರಿನಲ್ಲಿ ಬದುಕಲು ತಕ್ಕ ದೇಹ ಪಡೆದ ಹುಳುಗಳಿವೆ. ಆದರೆ ಮ್ಯಾನ್‌ಹೋಲಿಗೆ ಇಳಿಯಲೆಂದೇ ದೇಹ ಪಡೆದು ಹುಟ್ಟಿದ ಮನುಷ್ಯ ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿಲ್ಲ. ನಮ್ಮ ಜನರನ್ನು ಅಲ್ಲಿಗೆ ಇಳಿಸಿದ್ದು ಪ್ರಕೃತಿಯಲ್ಲ, ಸಮಾಜ. ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 2013ರಲ್ಲಿ ಬಂದ ಮೇಲೂ ಆ ಗುಂಡಿಗಳಲ್ಲಿ ಉಸಿರುಗಟ್ಟಿ ಸತ್ತವರಿದ್ದಾರೆ. ಅವರಿಗೆ ಸೊಳ್ಳೆಮರಿಯ ಕೊಳವೆ ಇರಲಿಲ್ಲ, ಇದ್ದದ್ದು ನಮ್ಮೆಲ್ಲರಿಗೂ ಇರುವಂಥ ಎರಡು ಶ್ವಾಸಕೋಶ.

ಈಗ ಮೈಲಿಗೆ.

ನೀರು ಯಾವುದರಿಂದ ಕೆಡುತ್ತದೆ? ಇದನ್ನು ತಿಳಿಯಲು ವಿಜ್ಞಾನಿಗಳು ನೀರಿನ ಹುಳುಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ನದಿಗಳ ಸ್ಥಿತಿ ಅಳೆಯಲು ಈ ಕ್ರಮವನ್ನು ಬಳಸಿದೆ. ಪ್ರಯೋಗಾಲಯದ ಒಂದು ಬಾಟಲಿ ನೀರು ಆ ಗಳಿಗೆಯ ಕತೆ ಹೇಳಿದರೆ, ಅಲ್ಲೇ ತಿಂಗಳುಗಟ್ಟಲೆ ಬದುಕಿದ ಹುಳು ಅಷ್ಟು ದಿನಗಳ ಕತೆ ಹೇಳುತ್ತದೆ.

ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಮರಿಗಳಲ್ಲಿ ಹೆಚ್ಚಿನವಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಚೆನ್ನಾಗಿರಬೇಕು. ಸಗಣಿ, ಮಲ, ಚರಂಡಿ ನೀರು ಸೇರಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಹೆಚ್ಚಿ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಆಗ ಈ ಮೂರು ಬಳಗಗಳು ಮೊದಲು ಮಾಯವಾಗುತ್ತವೆ. ಕೊನೆಗೆ ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳು ಉಳಿಯುತ್ತವೆ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇರುವುದರಿಂದ ಅಲ್ಪಸ್ವಲ್ಪ ಆಮ್ಲಜನಕದಲ್ಲೂ ಬದುಕಬಲ್ಲವು. ಕೆರೆಯ ತಳದಲ್ಲಿ ಕೆಂಪು ಹುಳು ಬಿಟ್ಟು ಬೇರೇನೂ ಸಿಗದಿದ್ದರೆ ಆ ನೀರು ಕೆಟ್ಟಿದೆ ಎಂದು ಅರ್ಥ.

ಗಮನಿಸಿ. ಹುಳು ಕೇಳುವುದು ನೀರಿಗೆ ಏನು ಬಿತ್ತು ಎಂದು. ಯಾರು ಮುಟ್ಟಿದರು ಎಂದು ಕೇಳುವುದಿಲ್ಲ.

ಈ ಸಾಕ್ಷಿಯನ್ನು ಇಟ್ಟುಕೊಂಡು ಮಹಾಡಿಗೆ ಹೋಗೋಣ. ಸಾರ್ವಜನಿಕ ನೀರಿನ ತಾಣಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು. ಮಹಾಡಿನ ಪುರಸಭೆಯೂ ಚವದಾರ್ ಕೆರೆಯನ್ನು ತೆರೆದಿತ್ತು. ಅದು ಕಾಗದದ ಮೇಲೆ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರು ಕುಡಿದರು. ದನಕರು ಕುಡಿಯಬಹುದಾಗಿದ್ದ ನೀರದು. ಆಮೇಲೆ ಸವರ್ಣರು ಕೆರೆಯನ್ನು 'ಶುದ್ಧಿ' ಮಾಡಿದರು. ಹೇಗೆ? 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೆ ಸುರಿದರು.

ಕೆರೆಯ ತಳದ ಹುಳುವನ್ನು ಕೇಳಿದರೆ ಅಂದು ನೀರಿಗೆ ಬಿದ್ದ ಕೊಳೆ ಯಾವುದೆಂದು ಹೇಳೀತು? ಬೊಗಸೆಯಲ್ಲಿ ನೀರು ಎತ್ತಿಕೊಂಡ ಕೈಗಳೋ, 108 ಮಡಕೆಗಳೋ?

ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಬಾಬಾಸಾಹೇಬರು ಗೆದ್ದರು. ಆದರೆ ಮೈಲಿಗೆಯ ರೋಗ ಕೋರ್ಟಿಗೆ ಬೇಗ ಬಗ್ಗುವುದಿಲ್ಲ. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರದಿಂದ ತೊಳೆದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮಹಾಡಿನಿಂದ ಅಲ್ಲಿಗೆ 95 ವರ್ಷ.

ಹಾಗಾದರೆ ಧಮ್ಮದ ದಾರಿ ಯಾವುದು? ಭಿಕ್ಕುವಿನ ಬಳಿ ಇರಬೇಕಾದ ಎಂಟು ವಸ್ತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನು ಹೇಳಿದ್ದಾರೆ. ಜೀವಿಗಳಿವೆ ಎಂದು ತಿಳಿದೂ ಆ ನೀರನ್ನು ಹಾಗೇ ಬಳಸುವುದು ವಿನಯದ ಪ್ರಕಾರ ತಪ್ಪು. ಕೋಸಲ ದೇಶದಲ್ಲಿ ಇಬ್ಬರು ಭಿಕ್ಕುಗಳು ದಾರಿ ನಡೆಯುತ್ತಿದ್ದರು. ಒಬ್ಬನ ಕೆಟ್ಟ ನಡತೆಗೆ ಇನ್ನೊಬ್ಬ ಬುದ್ಧಿ ಹೇಳಿದ. ಅವನು ಅದೇ ಸಿಟ್ಟಿನಲ್ಲಿ ಬಾಯಾರಿದವನಿಗೆ ತನ್ನ ಸೋಸುವ ಬಟ್ಟೆ ಕೊಡಲಿಲ್ಲ. ಬುದ್ಧಿ ಹೇಳಿದವನು ನೀರಿಲ್ಲದೆ ಸತ್ತ. ಕೇಳಿದವರಿಗೆ ಸೋಸುವ ಬಟ್ಟೆಯನ್ನು ಕೊಡಲೇಬೇಕೆಂದು ಬುದ್ಧರು ಆಗ ನಿಯಮ ಮಾಡಿದರು.

ಒಂದು ತುಂಡು ಬಟ್ಟೆಯಲ್ಲಿ ಎರಡು ಕರುಣೆ ಇದೆ. ನೀರಿನಲ್ಲಿರುವ ಹುಳು ಸಾಯಬಾರದು. ದಡದಲ್ಲಿರುವ ಮನುಷ್ಯ ಬಾಯಾರಿ ಸಾಯಬಾರದು. ಹುಳುವಿನ ಬಗ್ಗೆ ಇಷ್ಟು ಯೋಚಿಸಿದ ಧಮ್ಮದಲ್ಲಿ ಮನುಷ್ಯನಿಗೆ ನೀರು ತಡೆಯುವ ಮಾತು ಹುಟ್ಟಲು ಜಾಗವೇ ಇಲ್ಲ.

ಆ ಹುಳುಗಳ ಬದುಕು ನಮ್ಮ ಬದುಕಿಗೂ ಕಾರಣ. ಹಳ್ಳಕ್ಕೆ ಬಿದ್ದ ಎಲೆಯನ್ನು ಅವು ಕತ್ತರಿಸಿ ತಿಂದು ಬೇರೆ ಜೀವಿಗಳಿಗೆ ಆಹಾರವಾಗುವಂತೆ ಮಾಡುತ್ತವೆ. ಮೀನು, ಕಪ್ಪೆಗಳಿಗೆ ಅವೇ ಊಟ. ರೆಕ್ಕೆ ಬಂದು ಹಾರಿದ ಮೇಲೆ ಹಕ್ಕಿ, ಬಾವಲಿ, ಜೇಡಗಳ ಹೊಟ್ಟೆ ತುಂಬಿಸುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಸೊಳ್ಳೆಮರಿಗಳನ್ನು ತಿನ್ನುತ್ತದೆ. ಇದು ಇದ್ದರೆ ಅದು ಇರುತ್ತದೆ, ಇದು ಅಳಿದರೆ ಅದೂ ಅಳಿಯುತ್ತದೆ ಎಂಬ ಪಟಿಚ್ಚ ಸಮುಪ್ಪಾದವನ್ನು ಕೆರೆಯ ದಡದಲ್ಲೇ ಕಲಿಯಬಹುದು.

ಊರಿನ ಕೊಳಚೆ ಹರಿದು ನಿಲ್ಲುವುದು ಎಷ್ಟೋ ಕಡೆ ನಮ್ಮ ಕೇರಿಯ ಪಕ್ಕದಲ್ಲೇ. ಆದ್ದರಿಂದ ಇದು ನಮ್ಮ ಮಕ್ಕಳ ಆರೋಗ್ಯದ ಪ್ರಶ್ನೆ. ಈ ಭಾನುವಾರ ಮಕ್ಕಳನ್ನು ಹತ್ತಿರದ ಕೆರೆ ಅಥವಾ ಹಳ್ಳಕ್ಕೆ ಕರೆದುಕೊಂಡು ಹೋಗಿ. ಒಂದು ಬಿಳಿ ತಟ್ಟೆ, ಒಂದು ಟೀ ಜರಡಿ ಸಾಕು. ಅಂಚಿನ ಜೊಂಡಿನಲ್ಲಿ ಜರಡಿ ಆಡಿಸಿ, ಸಿಕ್ಕಿದ್ದನ್ನು ತಟ್ಟೆಯ ನೀರಿಗೆ ಬಿಟ್ಟು ನೋಡಿ, ಹೆಸರಿಸಿ, ಮತ್ತೆ ನೀರಿಗೇ ಬಿಡಿ. ಒಂದು ಎಚ್ಚರ: ಒಳ್ಳೆಯ ಹುಳು ಸಿಕ್ಕಿತೆಂದು ಆ ನೀರು ಕುಡಿಯಲು ಯೋಗ್ಯವಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಬರೀ ಕೆಂಪು ಹುಳುಗಳೇ ಸಿಕ್ಕರೆ ಕೊಳಚೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಫೋಟೋ ಸಮೇತ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಬರೆದು ಕೊಡಿ. ಕಲಿತು, ಒಟ್ಟಾಗಿ ಕೇಳುವುದನ್ನು ಬಾಬಾಸಾಹೇಬರು ನಮಗೆ ಕಲಿಸಿ ಹೋಗಿದ್ದಾರೆ.

ಇಂದಿನ ಮನನಕ್ಕೆ: ನನ್ನ ಮನೆಯಿಂದ ಹೊರಟ ನೀರು ಎಲ್ಲಿಗೆ ಹೋಗಿ ಸೇರುತ್ತದೆ? ಅಲ್ಲಿ ಯಾರು ಬದುಕುತ್ತಿದ್ದಾರೆ?

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.